ಸೊನ್ನೆ ಗೆರೆಯ ಮೇಲೆ ಒಂದು ಮಧ್ಯಾಹ್ನ

ಯೂರೋಪ್ ಪ್ರವಾಸ ಮುಗಿಸಿ ಬಂದವರನ್ನು ಲಂಡನ್ ಹೇಗಿತ್ತು ಎಂದು ಕೇಳಿ ನೋಡಿ. ‘ಚೆನ್ನಾಗಿತ್ತು, ಆದರೆ ನೋಡುವುದಕ್ಕೆ ಪುರಸೊತ್ತೇ ಕೊಡಲಿಲ್ಲ’ ಎನ್ನುತ್ತಾರೆ. ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಹದಿನೈದು ದಿನಗಳಲ್ಲಿ ಏಳೆಂಟು ದೇಶ ಸುತ್ತಿಸುವ ತಂಡಗಳು ಲಂಡನ್ನಿಗೆ ಕೊಡುವುದು ಒಂದೂವರೆ ದಿನ. 2018ರ ಮೇ ತಿಂಗಳ ರಜೆಯಲ್ಲಿ ನಾನೂ ನನ್ನಾಕೆಯೂ ಅಂಥದೊಂದು ತಂಡದಲ್ಲಿ ಹೋಗಿದ್ದೆವು. ನಲವತ್ತು ಜನ. ಬೆಂಗಳೂರು, ತುಮಕೂರು, ಹಾಸನದ ಕಡೆಯವರೇ ಹೆಚ್ಚು. ಸೋಲೂರಿನವರು ನಾವಿಬ್ಬರೇ.

ಬೆಳಿಗ್ಗೆ ಎಂಟಕ್ಕೆ ಬಸ್ಸು ಹೊರಟಿತು. ಬಣ್ಣದ ಕೊಡೆಯೊಂದನ್ನು ಎತ್ತಿ ಹಿಡಿದ ಮಾರ್ಗದರ್ಶಿ ಮುಂದೆ, ನಾವೆಲ್ಲ ಹಿಂದೆ. ರಾಣಿಯ ಅರಮನೆಯ ಗೇಟಿನ ಹೊರಗೆ ಇಪ್ಪತ್ತು ನಿಮಿಷ ಫೋಟೋ. ಅಲ್ಲಿಂದ ಪಾರ್ಲಿಮೆಂಟು. ಬಿಗ್ ಬೆನ್ ನೋಡಬೇಕೆಂದು ಕುತ್ತಿಗೆ ಎತ್ತಿದವರಿಗೆ ಕಂಡದ್ದು ಗೋಪುರಕ್ಕೆ ಸುತ್ತಿದ್ದ ಕಬ್ಬಿಣದ ಸಾರುವೆ. ದುರಸ್ತಿಗಾಗಿ 2017ರ ಆಗಸ್ಟ್‌ನಿಂದ ಗಂಟೆಯನ್ನೂ ನಿಲ್ಲಿಸಿದ್ದರು. ಹಾಸನದ ಹಿರಿಯರೊಬ್ಬರು, ‘ನಮ್ಮೂರ ಗೋಪುರಕ್ಕೂ ಹೀಗೇ ಕಟ್ಟಿದ್ದಾರೆ, ಬಿಡಿ’ ಎಂದು ಸಮಾಧಾನ ಹೇಳಿದರು.

ಕಾರ್ಯಕ್ರಮದ ಪಟ್ಟಿಯಲ್ಲಿ ಇಲ್ಲದ ಒಂದು ಜಾಗವನ್ನು ಮಾತ್ರ ಎಲ್ಲರೂ ಸೇರಿ ಒತ್ತಾಯ ಮಾಡಿ ನೋಡಿದೆವು. ಲ್ಯಾಂಬೆತ್ ಸೇತುವೆ ದಾಟಿ ಥೇಮ್ಸ್ ನದಿಯ ಆಚೆ ದಡಕ್ಕೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ನೀರಜ್ ಪಾಟೀಲರ ಪ್ರಯತ್ನದಿಂದ ಅದು ಅಲ್ಲಿಗೆ ಬಂತು. ಅಷ್ಟು ಹೊತ್ತೂ ಗಡಿಯಾರ ನೋಡುತ್ತಿದ್ದ ನಮ್ಮವರು ಅಲ್ಲಿ ಮಾತ್ರ ಅವಸರ ಮಾಡಲಿಲ್ಲ.

ಆಮೇಲೆ ತಂಡ ಎರಡಾಯಿತು. ಬಸ್ಸು ಮೇಣದ ಬೊಂಬೆಗಳ ಸಂಗ್ರಹಾಲಯಕ್ಕೂ ಅಂಗಡಿ ಬೀದಿಗೂ ಹೋಗುವುದಿತ್ತು. ಬೇಡವೆನ್ನುವವರು ಸಂಜೆ ಐದಕ್ಕೆ ಬಂದು ಕೂಡಿಕೊಳ್ಳಬಹುದು. ನಾನು ಗ್ರೀನಿಚ್‌ಗೆ ಹೋಗುವುದೆಂದು ಊರಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಭೂಪಟದ ಸೊನ್ನೆ ರೇಖಾಂಶವನ್ನು ಇಪ್ಪತ್ತೈದು ವರ್ಷ ಕಪ್ಪು ಹಲಗೆಯ ಮೇಲೆ ಎಳೆದವನಿಗೆ ಅದು ಹಾದುಹೋಗುವ ನೆಲ ನೋಡುವ ಆಸೆ ಇರಬಾರದೆ? ‘ಗಡಿಯಾರ ನೋಡೋಕೆ ಇಷ್ಟು ದೂರ ಬರಬೇಕಿತ್ತೇನ್ರೀ?’ ಎನ್ನುತ್ತಲೇ ನನ್ನಾಕೆಯೂ ಹೊರಟಳು. ತುಮಕೂರಿನ ಜವಳಿ ವರ್ತಕರ ಮಗಳು, ಹತ್ತನೇ ತರಗತಿಗೆ ಹೋಗಲಿದ್ದವಳು, ತಾನೂ ಬರುತ್ತೇನೆಂದು ಹಟ ಹಿಡಿದಳು. ‘ಬೊಂಬೆ ಮನೆ ಟಿಕೆಟ್ಟಿನ ದುಡ್ಡು ವಾಪಸ್ ಬರಲ್ಲ ಮೇಷ್ಟ್ರೇ’ ಎಂದು ಗೊಣಗುತ್ತ ಅವರೂ ಪತ್ನಿಯೊಡನೆ ಬಂದರು. ಮಕ್ಕಳ ಹಟಕ್ಕೆ ತಂದೆ ತಾಯಿ ಸೋಲುವುದು ಕೆಲವೊಮ್ಮೆ ಒಳ್ಳೆಯದೇ.

ವೆಸ್ಟ್‌ಮಿನ್‌ಸ್ಟರ್ ಕಟ್ಟೆಯಿಂದ ಗ್ರೀನಿಚ್‌ಗೆ ದೋಣಿಯಲ್ಲಿ ಸುಮಾರು ಒಂದು ಗಂಟೆ. ಸಮುದ್ರದ ಉಬ್ಬರವಿಳಿತ ಲಂಡನ್ನಿನ ನಡುವಿನವರೆಗೂ ಬರುತ್ತದೆ. ನೀರು ಏಳು ಮೀಟರ್‌ವರೆಗೆ ಏರಿ ಇಳಿಯುವುದುಂಟು. ದಡದ ಗೋಡೆಗಳ ಮೇಲಿನ ಪಾಚಿಯ ಗೆರೆಯೇ ಅದಕ್ಕೆ ಸಾಕ್ಷಿ. ಕಟ್ಟೆ ಇಳಿದು, ಉದ್ಯಾನ ದಾಟಿ, ದಿಬ್ಬ ಹತ್ತಬೇಕು. ಮಧ್ಯಾಹ್ನ ಒಂದರೊಳಗೆ ಮೇಲಿರಬೇಕೆಂದು ನಾನು ಎಲ್ಲರನ್ನೂ ಓಡಿಸಿದೆ. ಕಾರಣವಿತ್ತು. ವೀಕ್ಷಣಾಲಯದ ಮಾಡಿನ ಮೇಲೆ ಕಂಬವೊಂದಕ್ಕೆ ಸಿಕ್ಕಿಸಿದ ದೊಡ್ಡ ಕೆಂಪು ಗೋಳವಿದೆ. 12 ಗಂಟೆ 55 ನಿಮಿಷಕ್ಕೆ ಅದು ಅರ್ಧ ಕಂಬ ಏರುತ್ತದೆ, 58ಕ್ಕೆ ತುದಿ ಮುಟ್ಟುತ್ತದೆ, ಸರಿಯಾಗಿ ಒಂದಕ್ಕೆ ಕೆಳಗೆ ಬೀಳುತ್ತದೆ. 1833ರಲ್ಲಿ ಆರಂಭವಾದ ಏರ್ಪಾಡು. ನದಿಯಲ್ಲಿ ನಿಂತ ಹಡಗುಗಳ ನಾವಿಕರು ಇದನ್ನು ನೋಡಿ ತಮ್ಮ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು.

ಏದುಸಿರು ಬಿಡುತ್ತ ನಾವು ಮೇಲೆ ತಲಪಿದಾಗ ಗೋಳ ಅರ್ಧ ಏರಿತ್ತು. ಬಿದ್ದದ್ದನ್ನೂ ನೋಡಿದೆವು. ಆದರೆ ಗೇಟಿನ ಪಕ್ಕದ ಗೋಡೆ ಗಡಿಯಾರ ಆಗ ತೋರಿಸುತ್ತಿದ್ದುದು ಹನ್ನೆರಡು! ಅದು ಇಪ್ಪತ್ನಾಲ್ಕು ಗಂಟೆಗಳ ಮುಖದ್ದು. ಸೊನ್ನೆ ಮೇಲೆ, ಹನ್ನೆರಡು ಕೆಳಗೆ. ಮುಳ್ಳು ನೇರ ನೆಲ ನೋಡುತ್ತಿತ್ತು. ಬೇಸಿಗೆಯಲ್ಲಿ ಇಂಗ್ಲೆಂಡಿನವರು ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತಾರೆ. ಇದೊಂದನ್ನು ಮಾತ್ರ ಮುಟ್ಟುವುದಿಲ್ಲ. ನನ್ನ ಕೈಗಡಿಯಾರದಲ್ಲಿ ಊರಿನ ವೇಳೆಯನ್ನೇ ಬಿಟ್ಟಿದ್ದೆ, ಐದೂವರೆ.

ಒಳಗಿನ ಹ್ಯಾರಿಸನ್ ಗಡಿಯಾರಗಳ ಮುಂದೆ ನಾವು ಹೆಚ್ಚು ಹೊತ್ತು ಕಳೆದೆವು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಡುಸಮುದ್ರದಲ್ಲಿ ಸೂರ್ಯ ನೆತ್ತಿಗೆ ಬಂದಾಗ ಹೊರಟ ಬಂದರಿನಲ್ಲಿ ಎಷ್ಟು ಗಂಟೆಯೆಂದು ಗೊತ್ತಿದ್ದರೆ ರೇಖಾಂಶ ಸಿಕ್ಕಿಬಿಡುತ್ತದೆ. ಆದರೆ ಹಡಗಿನ ಹೊಯ್ದಾಟ, ಉಪ್ಪುಗಾಳಿ, ಸೆಖೆ, ಚಳಿಗಳಲ್ಲಿ ಕೆಡದ ಗಡಿಯಾರ ಯಾರ ಬಳಿಯೂ ಇರಲಿಲ್ಲ. ಈ ಸಮಸ್ಯೆ ಬಿಡಿಸಿದವರಿಗೆ 20,000 ಪೌಂಡ್ ಬಹುಮಾನವೆಂದು ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ ಕಾನೂನು ಮಾಡಿತು. ದೊಡ್ಡ ದೊಡ್ಡ ಪಂಡಿತರು ಆಕಾಶದಲ್ಲಿ ಉತ್ತರ ಹುಡುಕುತ್ತಿದ್ದಾಗ ಜಾನ್ ಹ್ಯಾರಿಸನ್ ಎಂಬ ಬಡಗಿ ಗಡಿಯಾರ ಮಾಡಲು ಕುಳಿತ. ಅವನ ನಾಲ್ಕನೆಯದು ಅಂಗೈ ತುಂಬುವ ಗಾತ್ರದ್ದು. 1761ರಲ್ಲಿ ಜಮೈಕಾಕ್ಕೆ ಹೊರಟ ಹಡಗಿನಲ್ಲಿ 81 ದಿನಗಳಲ್ಲಿ ಅದು ತಪ್ಪಿದ್ದು ಐದೇ ಸೆಕೆಂಡು. ಆದರೂ ಪರೀಕ್ಷೆಯ ಮೇಲೆ ಪರೀಕ್ಷೆ. ಕೊನೆಗೆ ಪಾರ್ಲಿಮೆಂಟು ಅವನಿಗೆ ನ್ಯಾಯ ಕೊಟ್ಟದ್ದು 1773ರಲ್ಲಿ, ಅವನಿಗೆ ಎಂಬತ್ತಾದ ಮೇಲೆ. ಅಷ್ಟು ಹೊತ್ತು ಸುಮ್ಮನಿದ್ದ ವರ್ತಕರು ಇದನ್ನು ಕೇಳಿ, ‘ಬಿಲ್ ಪಾಸ್ ಮಾಡೋಕೆ ಇಲ್ಲೂ ಹೀಗೇ ಓಡಾಡಿಸ್ತಿದ್ರಾ?’ ಎಂದು ನಕ್ಕರು. ಅಲ್ಲಿಂದ ಮುಂದೆ ಅವರು ಟಿಕೆಟ್ಟಿನ ಮಾತೆತ್ತಲಿಲ್ಲ.

ಅಂಗಳದ ಸೊನ್ನೆ ಗೆರೆಗೆ ಸರತಿ ಸಾಲು. ಒಂದು ಕಾಲು ಪೂರ್ವ ಗೋಳಾರ್ಧದಲ್ಲಿ, ಇನ್ನೊಂದು ಪಶ್ಚಿಮದಲ್ಲಿ ಇಟ್ಟು ಎಲ್ಲರೂ ಫೋಟೋ ತೆಗೆಸಿಕೊಳ್ಳುವವರೇ. ಹುಡುಗಿ ಗೆರೆಯ ಮೇಲೆ ನಿಂತು ಮೊಬೈಲು ನೋಡಿ, ‘ಸರ್, ಇದು ಸೊನ್ನೆ ತೋರಿಸ್ತಿಲ್ಲ! ಪಶ್ಚಿಮಕ್ಕೆ ಐದು ಸೆಕೆಂಡು ಅಂತಿದೆ’ ಎಂದಳು. ಅವಳ ಮೊಬೈಲು ಕೆಟ್ಟಿರಲಿಲ್ಲ. ಉಪಗ್ರಹಗಳು ಲೆಕ್ಕ ಹಾಕುವ ಸೊನ್ನೆ ಈ ಗೆರೆಯಿಂದ 102 ಮೀಟರ್ ಪೂರ್ವಕ್ಕೆ, ಬಯಲು ಹುಲ್ಲಿನ ಮೇಲೆ ಹಾದುಹೋಗುತ್ತದೆ. ಅಲ್ಲಿ ಒಬ್ಬನೂ ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ. ಜಾರ್ಜ್ ಏರಿ ಎಂಬ ಖಗೋಳ ವಿಜ್ಞಾನಿ ಹತ್ತೊಂಬತ್ತನೇ ಶತಮಾನದ ನಡುವೆ ದೂರದರ್ಶಕ ನಿಲ್ಲಿಸಿದಾಗ ಲಂಬದಿಕ್ಕನ್ನು ಪಾದರಸದ ತಟ್ಟೆಯಿಂದ ಗುರುತಿಸಿದ. ಗಾರೆಯವರು ಗುಂಡು ಕಟ್ಟಿದ ದಾರ ಇಳಿಬಿಡುವ ಹಾಗೆಯೇ ಅದು. ಆದರೆ ನೆಲದೊಳಗಿನ ಬಂಡೆಗಳು ಎಲ್ಲ ಕಡೆಯೂ ಒಂದೇ ತೂಕದವಲ್ಲವಾದ್ದರಿಂದ ಗುಂಡಿನ ದಾರ ಭೂಮಿಯ ಕೇಂದ್ರಕ್ಕೆ ಸರಿಯಾಗಿ ಗುರಿ ಹಿಡಿಯುವುದಿಲ್ಲ, ಒಂದಿಷ್ಟು ವಾಲುತ್ತದೆ. ಉಪಗ್ರಹಗಳ ಲೆಕ್ಕಕ್ಕೆ ಭೂಮಿಯ ಕೇಂದ್ರವೇ ಆಧಾರ. ವ್ಯತ್ಯಾಸ ಹುಟ್ಟುವುದು ಇಲ್ಲೇ.

‘ಹಾಗಾದರೆ ಸೊನ್ನೆ ಇಲ್ಲೇ ಯಾಕೆ? ನಮ್ಮ ಉಜ್ಜಯಿನಿ ಯಾಕಲ್ಲ?’ ಅವಳ ಮುಂದಿನ ಪ್ರಶ್ನೆ. ನಮ್ಮ ಹಳೆಯ ಸಿದ್ಧಾಂತ ಗ್ರಂಥಗಳಿಗೆ ಉಜ್ಜಯಿನಿಯ ಮೇಲೆ ಹಾದುಹೋಗುವ ರೇಖೆಯೇ ಸೊನ್ನೆಯಾಗಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಸಮಭಾಜಕ ವೃತ್ತವನ್ನು ನಿಸರ್ಗವೇ ಗೊತ್ತುಮಾಡಿದೆ. ಭೂಮಿ ತಿರುಗುವ ಅಕ್ಷವೇ ಅದನ್ನು ಹೇಳುತ್ತದೆ. ಸೊನ್ನೆ ರೇಖಾಂಶ ಹಾಗಲ್ಲ, ಅದು ಓಟು ಹಾಕಿ ಆರಿಸಿದ್ದು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳು ಸೇರಿದವು. ಗ್ರೀನಿಚ್ ಪರ 22, ವಿರೋಧ ಒಂದು. ಫ್ರಾನ್ಸ್ ಮತ್ತು ಬ್ರೆಜಿಲ್ ತಟಸ್ಥ. ಜಗತ್ತಿನ ಹಡಗುಗಳಲ್ಲಿ ಬಹುಪಾಲು ಆಗಲೇ ಗ್ರೀನಿಚ್ ನಕ್ಷೆಗಳನ್ನು ಬಳಸುತ್ತಿದ್ದುದೇ ಮುಖ್ಯ ಕಾರಣ. ಸಿಟ್ಟಾದ ಫ್ರೆಂಚರು 1911ರವರೆಗೂ ಪ್ಯಾರಿಸ್ ವೇಳೆಯನ್ನೇ ಇಟ್ಟುಕೊಂಡಿದ್ದರು. ನಾವಾಗ ಬ್ರಿಟಿಷರ ಕೈಕೆಳಗಿದ್ದವರು, ಉಜ್ಜಯಿನಿಯ ಹೆಸರೆತ್ತುವವರು ಯಾರು?

ಅಳತೆ ಅಧಿಕಾರದ ಹಿಂದೆಯೇ ನಡೆದು ಬರುತ್ತದೆಂಬುದಕ್ಕೆ ನಮ್ಮ ಮಾಗಡಿ ಸೀಮೆಯೇ ಸಾಕ್ಷಿ. ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಸಾವನದುರ್ಗವನ್ನು ಕಿತ್ತುಕೊಂಡದ್ದು 1791ರ ಡಿಸೆಂಬರ್ 21ರಂದು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ವಿಲಿಯಂ ಲ್ಯಾಂಬ್‌ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲ ಅಳೆಯಲು ಶುರುಮಾಡಿದ. ಅವನ ಸರ್ವೆಯ ತ್ರಿಕೋನಗಳಲ್ಲಿ ಸಾವನದುರ್ಗದ ತುದಿಯೂ ಒಂದು ನಿಲ್ದಾಣ. ಪ್ರತಿ ಸಂಕ್ರಾಂತಿಗೆ ಮಕ್ಕಳನ್ನು ಕರೆದುಕೊಂಡು ಹತ್ತುವ ನಮ್ಮ ಬೆಟ್ಟದ ಕಥೆಯನ್ನು ಲಂಡನ್ನಿನ ದಿಬ್ಬದ ಮೇಲೆ ಕುಳಿತು, ಬುತ್ತಿಯ ಚಪಾತಿ ತಿನ್ನುತ್ತ, ಆ ಹುಡುಗಿಗೆ ಹೇಳಿದೆ.

ಸಂಜೆ ಬಸ್ಸಿನಲ್ಲಿ ಮೇಣದ ಬೊಂಬೆಗಳ ಫೋಟೋಗಳನ್ನು ಎಲ್ಲರೂ ತೋರಿಸಿದರು. ಚೆನ್ನಾಗಿದ್ದವು.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಸೋಲೂರಿನ ನಮ್ಮ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟೆವು. ಮೂರು ದಿನ ಮೋಡ. ನಾಲ್ಕನೆಯ ದಿನ ಬಿಸಿಲು ಬಂತು. ಬೆಳಿಗ್ಗೆ 10 ಗಂಟೆ 55 ನಿಮಿಷಕ್ಕೆ ನೆರಳಿನ ತುದಿ ಎಲ್ಲಿತ್ತೋ ಅಷ್ಟು ಉದ್ದಕ್ಕೆ, ಕೋಲನ್ನೇ ಕೇಂದ್ರವಾಗಿಟ್ಟು, ಸುಣ್ಣದಲ್ಲಿ ವೃತ್ತ ಬರೆದೆವು. ಮಧ್ಯಾಹ್ನ ನೆರಳು ಮತ್ತೆ ಅದೇ ವೃತ್ತವನ್ನು ಮುಟ್ಟಿದ್ದು 1 ಗಂಟೆ 49 ನಿಮಿಷಕ್ಕೆ. ಎರಡರ ನಡುವೆ ಸೂರ್ಯ ನೆತ್ತಿಯ ಗೆರೆ ದಾಟಿದ ಹೊತ್ತು 12 ಗಂಟೆ 22 ನಿಮಿಷ. ಆ ವಾರದ ಸೂರ್ಯನ ಒಂದು ನಿಮಿಷದ ತಡವನ್ನು ಕಳೆದರೆ ಉಳಿಯುವುದು 21 ನಿಮಿಷ, ಅಂದರೆ ಐದೂಕಾಲು ಡಿಗ್ರಿ. ಭಾರತದ ಆದರ್ಶ ವೇಳೆಯ ರೇಖಾಂಶ 82 ಡಿಗ್ರಿ 30 ಮಿನಿಟು. ಅದರಲ್ಲಿ ಇದನ್ನು ಕಳೆದು ಹುಡುಗರು ಹಲಗೆಯ ಮೇಲೆ ಬರೆದರು: ಸೋಲೂರು, 77 ಡಿಗ್ರಿ 15 ಮಿನಿಟು ಪೂರ್ವ. ಅಷ್ಟರಲ್ಲಿ ಒಬ್ಬ ಚೋಟುದ್ದದ ಹುಡುಗ, ನಡುಮಧ್ಯಾಹ್ನದ ನೆರಳು ಯಾಕೆ ದಕ್ಷಿಣಕ್ಕೆ ಬಿದ್ದಿದೆ, ಉತ್ತರಕ್ಕಲ್ಲವೇ ಬೀಳಬೇಕಾದದ್ದು ಎಂದು ಕೇಳಿದ. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.