ಮಲೆನಾಡಿನ ನೆರೆಮನೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಿರುವ ಮಲೆನಾಡಿನಲ್ಲಿ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿ ನಿಂತಿಲ್ಲ. ಒಂದು ಮನೆ, ಅದರ ಅಡಕೆಯ ತೋಟ, ಮೇಲೊಂದು ಗುಡ್ಡ, ಗುಡ್ಡದಾಚೆಗೆ ನೆರೆಮನೆ. ನಡುವಣ ಕಾಡುದಾರಿಯಲ್ಲಿ ನಾಯಿಯೇ ಸಂಗಾತಿ. 1972ರ ವನ್ಯಜೀವಿ ಕಾಯಿದೆಯಿಂದ ಬೇಟೆ ನಿಷಿದ್ಧವಾದ ಮೇಲೆ ಅದಕ್ಕೆ ಉಳಿದಿರುವ ಕೆಲಸವೆಂದರೆ ಮನೆಯನ್ನು ಕಾಯುವುದು, ತೋಟದ ಮಂಗಗಳನ್ನು ಅಟ್ಟುವುದು, ಯಜಮಾನನೊಡನೆ ನಡೆಯುವುದು.

ಅಡಕೆಯ ಕೊಯ್ಲಿನ ದಿನಗಳಲ್ಲಿ ನಾವು ಅಂತಹದೊಂದು ಮನೆಯ ಅತಿಥಿಗಳಾಗಿದ್ದೆವು. ಆ ಸಂಜೆ ನೆರೆಮನೆಯಲ್ಲಿ ಅಡಕೆ ಸುಲಿಯುವ ಕೆಲಸ, ಬಳಿಕ ಊಟ. ಮನೆಯ ನಾಯಿಗೆ 13 ವರ್ಷ, ಹಿಂಗಾಲುಗಳು ಸೋತಿದ್ದುವು. ಅದರ ನಡೆಗೆ ಹೊಂದುವಂತೆ ಯಜಮಾನರು ಮೂರು ಗಂಟೆಗೇ ಹೊರಟರು.

“ಇದನ್ನು ಮನೆಯಲ್ಲಿಯೇ ಕಟ್ಟಿ ಬರಬಹುದಲ್ಲವೆ?” ಎಂದೆವು.

“ಜಗಲಿಯಲ್ಲಿ ಕಟ್ಟಿದರೆ ಚಿರತೆಯ ಪಾಲು, ಸ್ವಾಮಿ. ಒಳಗೆ ಕೂಡಿದರೆ ಅನ್ನ ಮುಟ್ಟುವುದಿಲ್ಲ” ಎಂದರು.

ಬಾಳೆಯೆಲೆಯಲ್ಲಿ ತಂಬುಳಿ, ಅಪ್ಪೆಹುಳಿಗಳ ಊಟವಾಯಿತು. ಆ ಮನೆಯ ಗೃಹಿಣಿಯು ನಾಯಿಗೆ ಹಲ್ಲಿಲ್ಲವೆಂದು ಅನ್ನವನ್ನು ಮಜ್ಜಿಗೆಯಲ್ಲಿ ಮಿದ್ದು ಹಾಕಿದರು. ನಾವು ಹೊರಡಲೆದ್ದಾಗ ಅದು ಏಳಲಿಲ್ಲ. ಯಾರೂ ಏನೂ ಕೇಳಲಿಲ್ಲ. ನಡುಮನೆಯಲ್ಲಿ ಯಜಮಾನರಿಗೂ ನಮಗೂ ಚಾಪೆ, ಬಾಗಿಲೊಳಗೆ ನಾಯಿಗೊಂದು ಗೋಣಿತಟ್ಟು ಹಾಸಿದರು.