ದಂಡಿಗೆ ನಡೆದು ಬಂದ ಮೋಟೆಬೆನ್ನೂರಿನ ಹುಡುಗ

ನವಸಾರಿ ಸ್ಟೇಷನ್ನಿನಲ್ಲಿ ಇಳಿದು ಆಟೊ ಹತ್ತಿದಾಗ ಹೊತ್ತು ಏರಿತ್ತು. "ಕರ್ನಾಟಕದಿಂದ ದಂಡಿ ನೋಡೋಕೆ ಬಂದ್ರಾ?" ಎಂದು ಚಾಲಕ ಹಿಂದಿಯಲ್ಲಿ ಕೇಳಿದ. "ನಮ್ಮ ಕಡೆಯ ಹುಡುಗನೊಬ್ಬ ಇಲ್ಲಿಗೆ ನಡೆದುಕೊಂಡು ಬಂದಿದ್ದ ಭಾಯಿ, ಅದಕ್ಕೇ ಬಂದೆ" ಎಂದೆ.

ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ಗಾಂಧೀಜಿಯ ಜೊತೆ ಹೊರಟ 78 ಮಂದಿಯಲ್ಲಿ ಕನ್ನಡಿಗರೆಂದರೆ ಅವರೊಬ್ಬರೇ. ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 24 ದಿನ, ಸುಮಾರು 385 ಕಿಲೋಮೀಟರ್ ಬಿಸಿಲ ದಾರಿ. ಮುಂದೆ ಕೋಲೂರಿ ನಡೆಯುತ್ತಿದ್ದವರಿಗೆ ಅರವತ್ತು ದಾಟಿತ್ತು.

ಗಾಂಧೀಜಿ ಏಪ್ರಿಲ್ 5ರ ರಾತ್ರಿ ತಂಗಿದ್ದ ಸೈಫಿ ವಿಲ್ಲಾವನ್ನು ನೋಡಿಕೊಂಡು ಕಡಲಿಗೆ ಇಳಿದೆ. ಇಳಿತದ ಹೊತ್ತು, ನೀರು ಎಲ್ಲೋ ದೂರದಲ್ಲಿ ಗೆರೆಯಂತೆ ಹೊಳೆಯುತ್ತಿತ್ತು. ಕಾಲ ಕೆಳಗೆ ಕಪ್ಪು ಕೆಸರು. ತಗ್ಗೊಂದರಲ್ಲಿ ನಿಂತ ನೀರಿಗೆ ಕೈ ಅದ್ದಿ ಬಿಸಿಲಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಅಂಗೈ ಗೆರೆಗಳಲ್ಲಿ ಬಿಳಿ ಪುಡಿ ಕೂತಿತು. ನಾಲಿಗೆಗೆ ಹಚ್ಚಿಕೊಂಡರೆ ಕಟು ಉಪ್ಪು. ಇಷ್ಟೇ. ಕಡಲೂ ಬಿಸಿಲೂ ಪುಕ್ಕಟೆ ಕೊಡುವ ಇದನ್ನು ಬಾಚಿಕೊಂಡರೆ ಅಪರಾಧ ಎಂದಿತ್ತು ಬ್ರಿಟಿಷರ ಕಾನೂನು. ಗಂಜಿಗೆ ನಂಚಿಕೊಳ್ಳಲು ಉಪ್ಪು ಬಿಟ್ಟು ಬೇರೇನೂ ಇಲ್ಲದವನೂ ಅದಕ್ಕೆ ತೆರಿಗೆ ತೆರಬೇಕಿತ್ತು. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಜನಕ್ಕೆ ಈ ಅನ್ಯಾಯವನ್ನು ಭಾಷಣ ಮಾಡಿ ತಿಳಿಸಬೇಕಿರಲಿಲ್ಲ. ಏಪ್ರಿಲ್ 6ರ ಬೆಳಿಗ್ಗೆ ಗಾಂಧೀಜಿ ಇಲ್ಲಿ ಒಂದು ಹಿಡಿ ಎತ್ತಿದರು. ಆಮೇಲೆ ದೇಶದ ಉದ್ದಕ್ಕೂ ಜನ ಉಪ್ಪು ಕಾಯಿಸಿದರು, ನಮ್ಮ ಅಂಕೋಲೆಯಲ್ಲೂ. ಜೈಲು ಸೇರಿದವರು 60 ಸಾವಿರಕ್ಕೂ ಹೆಚ್ಚು.

2019ರಲ್ಲಿ ತೆರೆದ ಸ್ಮಾರಕದಲ್ಲಿ ಆ ಪಾದಯಾತ್ರಿಗಳೆಲ್ಲ ಆಳೆತ್ತರದ ಪ್ರತಿಮೆಗಳಾಗಿ ಸಾಲಾಗಿ ನಡೆಯುತ್ತಿದ್ದಾರೆ. ಒಂದೊಂದೇ ಮುಖ ನೋಡುತ್ತ ಹೋದೆ. ಮೀಸೆ ಚಿಗುರುವ ವಯಸ್ಸಿನವನಂತೆ ಕಂಡ ಒಬ್ಬನ ಮುಂದೆ ನಿಂತೆ. ಇವನೇ ಇರಲಿ ಅಂದುಕೊಂಡು ಪಾದ ಮುಟ್ಟಿದೆ. ಬಿಸಿಲಿಗೆ ಲೋಹ ಸುಡುತ್ತಿತ್ತು.

ಮಹಾದೇವಪ್ಪನವರ ನಡಿಗೆ ಇಲ್ಲಿಗೆ ಮುಗಿಯಲಿಲ್ಲ. ಊರಿಗೆ ಮರಳಿ ಹೋರಾಟದಲ್ಲೇ ಉಳಿದರು; ಮಡದಿ ಸಿದ್ದಮ್ಮನವರೂ ಜೈಲು ಕಂಡರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರ ಕೂಡಿಟ್ಟಿದ್ದ ಕಂದಾಯದ ಹಣ ವಶಕ್ಕೆ ತೆಗೆದುಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಆಗ ಮಹಾದೇವಪ್ಪನವರಿಗೆ 31. ಸ್ವಾತಂತ್ರ್ಯಕ್ಕೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು.

ಹಾವೇರಿಯಲ್ಲಿ ಅವರ ಸ್ಮಾರಕವಿದೆ. ದಂಡಿಯವರೆಗೆ ಹೋಗಲಾಗದಿದ್ದರೆ ಅಲ್ಲಿಗಾದರೂ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.