ಹೊಗೆ ಹಾಕುವ ಹೊತ್ತು

ಯಡ್ರಾವದಲ್ಲಿ ಈಗ ಸಂಜೆಯಾಯಿತೆಂದು ತಿಳಿಯುವುದು ಪಾಳಿ ಬದಲಾದಾಗ. ತಲೆಗೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡವರು ಪವರ್‌ಲೂಮ್ ಶೆಡ್ಡುಗಳಿಂದ ಹೊರಬೀಳುತ್ತಾರೆ, ಊಟದ ಡಬ್ಬಿ ಹಿಡಿದವರು ಒಳಗೆ ಹೋಗುತ್ತಾರೆ. ಖಟಾಖಟ್ ಸದ್ದು ಮಾತ್ರ ನಿಲ್ಲುವುದಿಲ್ಲ. ಪಕ್ಕದ ಇಚಲಕರಂಜಿಗೆ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ತಂದದ್ದು 1904ರಲ್ಲಿ. ಅದು ಕಬ್ಬಿನ ಹೊಲ ದಾಟಿ ನಮ್ಮ ಓಣಿ ಮುಟ್ಟುವ ಹೊತ್ತಿಗೆ ನನ್ನ ಶಾಲೆಯೇ ಮುಗಿದಿತ್ತು. ಅಲ್ಲಿಯ ತನಕ ಸಂಜೆಯ ಗುರುತೆಂದರೆ ಸೊಳ್ಳೆ ಓಡಿಸುವ ಹೊಗೆ. ಕೈಯಲ್ಲಿ ನಾಲ್ಕು ಕಾಸು ಆಡುವ ಮನೆಯಲ್ಲಿ ಅಂಗಡಿಯ ಊದು, ಹೊಳೆ ಕಡೆ ಹೊಲವಿದ್ದವರಲ್ಲಿ ಲಕ್ಕಿಸೊಪ್ಪು, ನಮ್ಮಲ್ಲಿ ಬೇವು. ಕಣ್ಣು ಮುಚ್ಚಿಕೊಂಡು ಓಣಿಯಲ್ಲಿ ನಡೆದರೂ ಯಾರ ಮನೆ ಎಂದು ಹೇಳಬಹುದಿತ್ತು.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ನಮ್ಮದು. ದೀಪಕ್ಕೆ ಹುಳು ಬರುತ್ತವೆ, ತಾಟಿಗೆ ಬೀಳುತ್ತವೆ, ಸುಮ್ಮನೆ ಜೀವ ಹೋಗುತ್ತದೆ. ಹೀಗೆ ಬೇಗ ಬಿಡುವಾದ ಒಲೆಯ ಕೆಂಡವೇ ಆಯಿಯ, ಅಂದರೆ ನಮ್ಮಜ್ಜಿಯ, ಬಂಡವಾಳ. ಒಡೆದ ಗಡಿಗೆಯ ತಳದಲ್ಲಿ ಕೆಂಡ ಹರವಿ, ಮೇಲೆ ಅರ್ಧ ಕುಳ್ಳು ಇಟ್ಟು, ಉರಿ ಇಳಿಯುವ ತನಕ ಕಾಯುತ್ತಿದ್ದಳು. ಆಮೇಲೆ ಬೇವಿನ ತಪ್ಪಲು. ಅದು ಆಗಷ್ಟೇ ಕಿತ್ತದ್ದಾಗಿರಬಾರದು, ಪೂರ್ತಿ ಒಣಗಿದ್ದೂ ಆಗಿರಬಾರದು. ಹಸಿಯದು ಕೆಂಡ ಆರಿಸುತ್ತದೆ, ಒಣಗಿದ್ದು ಭಗ್ಗನೆ ಹತ್ತಿಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆ ಕಿತ್ತು ದಿನವೆಲ್ಲ ನೆರಳಲ್ಲಿ ಬಾಡಿಸಿಡುವುದು. ಮಳೆಗಾಲವಾದರೆ ಜಜ್ಜಿದ ಬೇವಿನ ಬೀಜವೂ ಒಂದಿಷ್ಟು. “ಉರೀಬಾರ್ದು, ಆರಬಾರ್ದು, ಹೊಗಿ ಆಡಬೇಕ” ಎನ್ನುತ್ತಿದ್ದಳು.

ಮೊದಲ ಪಾಲು ಎಮ್ಮೆಗೆ. ರಾತ್ರಿಯೆಲ್ಲ ಬಾಲ ಬೀಸುತ್ತ ನಿಂತ ಎಮ್ಮೆ ಬೆಳಿಗ್ಗೆ ಏನು ಹಿಂಡೀತು? ಕೊಟ್ಟಿಗೆಯಾದ ಮೇಲೆ ಪಡಸಾಲೆ. ಓಣಿಯ ಬಾಗಿಲು ಹಾಕಿ, ಹಿತ್ತಲ ಬಾಗಿಲನ್ನು ಅಗಲಕ್ಕೆ ತೆಗೆದಿಟ್ಟು, ಮುಂದಿನಿಂದ ಹಿಂದಕ್ಕೆ ಹೊಗೆ ಹಿಡಿದು ನಡೆಯುವಳು. ಮೂಲೆ, ಕಾಟಿನ ಅಡಿ, ಹಗ್ಗಕ್ಕೆ ತೂಗಿದ ಅರಿವೆಗಳ ಹಿಂದೆ, ಎಲ್ಲೂ ಅವಸರವಿಲ್ಲ. ಎರಡೂ ಬಾಗಿಲು ಹಾಕಿಬಿಟ್ಟರೆ ಹೊಗೆ ನಿಲ್ಲುತ್ತದಲ್ಲ ಎಂದು ನಾನೊಮ್ಮೆ ಜಾಣತನ ತೋರಿದ್ದಕ್ಕೆ, “ಬಾಗಲಾ ಹಾಕಿದ್ರ ಅವು ಎಲ್ಲಿ ಹೋಗ್ಬೇಕೋ?” ಎಂದಿದ್ದಳು. ಅಜ್ಜ ಇಂಥ ಮಾತಿಗೇ ಕಾದಿರುತ್ತಿದ್ದ. ನಮ್ಮ ಶಾಸ್ತ್ರದಲ್ಲಿ ಬೆಂಕಿಗೂ ಜೀವವುಂಟು, ಅಗ್ನಿಕಾಯ ಎನ್ನುತ್ತಾರೆ. “ಕೆಂಡದಾಗಿನ ಜೀವಕ್ಕ ಯಾವ ಬಾಗಲಾ ತಗದೀ?” ಎಂದು ಕಾಟಿನ ಮೇಲಿಂದಲೇ ಕೆಣಕುವನು. ಆಯಿ ಉತ್ತರ ಕೊಡುತ್ತಿರಲಿಲ್ಲ. ಗಡಿಗೆಯ ತಳವನ್ನು ತಂದು ಅವನ ಕಾಟಿನ ಕೆಳಗಿಟ್ಟು ಒಳಗೆ ಹೋಗಿಬಿಡುವಳು.

ಬದನೆ ಗಿಡಕ್ಕೆ ಹುಳು ಹತ್ತಿದರೂ ಬೇವೇ. ಕೃಷಿ ಇಲಾಖೆಯವರು ಹೇಳುವ ಐದು ಪರ್ಸೆಂಟಿನ ಕಷಾಯವೆಂದರೆ ಲೀಟರು ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು, ರಾತ್ರಿ ನೆನೆಸಿ ಬೆಳಿಗ್ಗೆ ಅರಿವೆಯಲ್ಲಿ ಸೋಸಿ ಸ್ವಲ್ಪ ಸಾಬೂನು ಬೆರೆಸಿದ್ದು. ಆಯಿಯದೂ ಹೆಚ್ಚು ಕಡಿಮೆ ಅದೇ, ಗ್ರಾಮಿನ ಲೆಕ್ಕ ಮಾತ್ರ ಇರಲಿಲ್ಲ. ಜೋಳದ ಚೀಲದಲ್ಲಿ ಪದರ ಪದರಕ್ಕೂ ತಪ್ಪಲು.

ದೊಡ್ಡವನಾದ ಮೇಲೆ ನಾನು ಬೇವಿನ ಬಗ್ಗೆ ಓದಿಕೊಂಡು ಬಂದು ಆಯಿಗೆ ಒಪ್ಪಿಸುತ್ತಿದ್ದೆ. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಸುತ್ತಲ ಹಸಿರನ್ನೆಲ್ಲ ತಿಂದು ಬೇವಿನ ಮರಗಳನ್ನು ಮಾತ್ರ ಬಿಟ್ಟುಹೋದದ್ದನ್ನು ಶ್ಮುಟ್ಟರರ್ ಎಂಬ ಜರ್ಮನ್ ಕೀಟತಜ್ಞ ಕಂಡ. 1968ರಲ್ಲಿ ಇಂಗ್ಲೆಂಡಿನವರು ಬೀಜದಿಂದ ಅಜಾಡಿರಾಕ್ಟಿನ್ ಬೇರ್ಪಡಿಸಿದರು. ಅದು ಹುಳುವಿಗೆ ತಿನ್ನುವ ಮನಸ್ಸೇ ಇಲ್ಲದಂತೆ ಮಾಡುತ್ತದೆ ಎಂದಾಗ ಆಯಿಗೆ ಬಹಳ ಸಮಾಧಾನ. ಪೊರೆ ಬಿಡುವುದನ್ನೂ ಅದು ತಡೆಯುತ್ತದೆ, ಹುಳು ನಿಧಾನಕ್ಕೆ ಸಾಯುತ್ತದೆ ಎಂಬ ಮುಂದಿನ ಸಾಲನ್ನು ನಾನು ಓದಿ ಹೇಳಲಿಲ್ಲ. ಬೇವಿನೆಣ್ಣೆಯಿಂದ ಬೆಳೆಯ ಬೂಷ್ಟು ತಡೆಯುವ ವಿಧಾನಕ್ಕೆ ಅಮೆರಿಕದ ಒಂದು ಕಂಪನಿಯೂ ಅಲ್ಲಿನ ಸರ್ಕಾರವೂ ಸೇರಿ 1994ರಲ್ಲಿ ಯುರೋಪಿನ ಪೇಟೆಂಟ್ ಪಡೆದದ್ದು, ವಂದನಾ ಶಿವ ಮತ್ತಿತರರು ತಕರಾರು ತೆಗೆದು 2000ದಲ್ಲಿ ಅದನ್ನು ರದ್ದು ಮಾಡಿಸಿದ್ದು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋದದ್ದು, ಇಷ್ಟನ್ನೂ ಕೇಳಿ, “ಗಿಡಾ ಯಾರ ಹಿತ್ತಲದಾಗ ಇತ್ತಂತ?” ಎಂದಷ್ಟೇ ಕೇಳಿದಳು.

ನಮ್ಮ ಹಿತ್ತಲದ್ದು ಅಷ್ಟರಲ್ಲಿ ಹೋಗಿತ್ತು. ಕಾಕಾ ಶೆಡ್ ಹಾಕಿದಾಗ ಮರ ಅಡ್ಡ ಬಂತು. ಕಡಿದ ಬೇವು ಶೆಡ್ಡಿನ ಬಾಗಿಲ ಚೌಕಟ್ಟಾಯಿತು, ಇಂದಿಗೂ ಅದಕ್ಕೆ ಗೆದ್ದಲು ಹತ್ತಿಲ್ಲ. ಎಮ್ಮೆ ಮಾರಿದೆವು, ಕುಳ್ಳು ನಿಂತಿತು. ಹಿತ್ತಲ ಬಾಗಿಲು ತೆಗೆದರೆ ಒಂದು ಗೇಣಿನಾಚೆಗೆ ಶೆಡ್ಡಿನ ಗೋಡೆ. ಆದರೆ ಎಲ್ಲವನ್ನೂ ಮಗ್ಗದ ಮೇಲೆ ಹೊರಿಸುವುದು ಸರಿಯಲ್ಲ. ಹೊಗೆಯನ್ನು ನಿಲ್ಲಿಸಿದ್ದು ಆಯಿಯ ಕೆಮ್ಮು. ಜೀವಮಾನವಿಡೀ ಒಲೆಯ ಮುಂದೆ ಕೂತ ಎದೆ ಅದು, ಮೇಲೆ ಸಂಜೆಯ ಈ ಸೇವೆ ಬೇರೆ. ಡಾಕ್ಟರು ಹೊಗೆಯ ಹತ್ತಿರ ಹೋಗಕೂಡದು ಎಂದರು. ಅವಳನ್ನು ಎಷ್ಟು ನೆನೆದರೂ ಆ ಕೆಮ್ಮನ್ನು ಬಿಟ್ಟು ಹೊಗೆಯನ್ನಷ್ಟೇ ನೆನೆಯಲು ನನ್ನಿಂದಾಗದು.

ಮೊದಲು ಕಾಯಿಲ್ ಬಂತು, ಆಮೇಲೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಯಂತ್ರ. ಕಿಟಕಿ ಬಾಗಿಲು ಹಾಕಿಕೊಂಡು ಹಚ್ಚುವುದು ರೂಢಿಯಾಯಿತು. ಕಡೆಯ ಮಳೆಗಾಲದಲ್ಲಿ ಹಾಸಿಗೆ ಹಿಡಿದಿದ್ದ ಆಯಿ ಆ ಕೆಂಪು ದೀಪ ಹತ್ತಿದ ಕೂಡಲೇ ಹಿತ್ತಲ ಬಾಗಿಲು ತೆಗೆಯಿರೆಂದು ಗೋಗರೆಯುವಳು. “ತಗದ್ರ ಗುಂಗಾಡ ಒಳಗ ಬರ್ತಾವ್ರಿ, ಅತ್ತಿ” ಎಂದು ಅವ್ವ ಸಮಾಧಾನ ಹೇಳುವಳು. ಇಬ್ಬರದೂ ನಿಜ. ಬಾಗಿಲು ತೆಗೆಯಲಿಲ್ಲ.

ಈಗ ಊರಿಗೆ ಹೆದರಿಕೆ ಡೆಂಗಿಯದು. ಕಾಲಿಗೆ ಬಿಳಿ ಪಟ್ಟೆಯಿರುವ ಆ ಸೊಳ್ಳೆ ಸಂಜೆಯ ಹೊಗೆಗೆ ಕಾಯುವುದಿಲ್ಲ, ಹಗಲೇ ಕಚ್ಚುತ್ತದೆ. ಗಟಾರು ಬೇಡ, ಶುದ್ಧ ನೀರೇ ಬೇಕು. ನಳದ ನೀರು ದಿನಾ ಬಾರದೆ ನಾವು ತುಂಬಿಡುವ ಪ್ಲಾಸ್ಟಿಕ್ ಬ್ಯಾರಲ್ಲೇ ಅದರ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಂದು ‘ಕೋರಡಾ ದಿವಸ’, ಅಂದರೆ ನೀರಿನ ಪಾತ್ರೆ ಒಣಗಿಸುವ ದಿನ, ಮಾಡಿರೆಂದು ಆರೋಗ್ಯ ಇಲಾಖೆಯವರು ಮರಾಠಿಯಲ್ಲಿ ಹೇಳುತ್ತಾರೆ. ಬ್ಯಾಟರಿ ಬಿಟ್ಟು ಬ್ಯಾರಲಿನೊಳಗೆ ಇಣುಕುತ್ತಾರೆ. ವೈನಿ ಅಚ್ಚುಕಟ್ಟಿನವಳು, ವಾರ ತಪ್ಪಿಸುವುದಿಲ್ಲ. ತಳದ ನೀರನ್ನು ಬಿಸಿಲಿಗೆ ಕಾದ ಫರಶಿಯ ಮೇಲೆ ಒಮ್ಮೆಲೇ ಚೆಲ್ಲಿ, ಬ್ಯಾರಲ್ ತಿಕ್ಕಿ ಬೋರಲು ಹಾಕುತ್ತಾಳೆ. ಮರಿಹುಳುಗಳು ಅರೆಗಳಿಗೆ ಕೊಂಕಿ ಕೊಂಕಿ ಹೊರಳುತ್ತವೆ. ಹಾಗೆ ಮಾಡದೆ ವಿಧಿಯಿಲ್ಲ, ಮಾಡುವುದೇ ಸರಿ. ಅವು ಎಲ್ಲಿ ಹೋಗಬೇಕು ಎಂದು ಕೇಳುವವರು ಮಾತ್ರ ಮನೆಯಲ್ಲಿ ಯಾರೂ ಉಳಿದಿಲ್ಲ.